ಕ್ಲೋರಿನ್ ಬೇರೆ, ಫ್ಲೋರೈಡ್ ಬೇರೆ: ನೀರುಗಂಟಿಗಳಿಗೂ ನೀರು ಪರೀಕ್ಷಿಸುವ ಅಕ್ಕಂದಿರಿಗೂ ಒಂದು ಬಹಿರಂಗ ಪತ್ರ

ಬೆಟಗೇರಿ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ ತಾಲ್ಲೂಕುಗಳ ನೀರುಗಂಟಿಗಳಿಗೆ, ವಾಲ್‌ಮನ್‌ಗಳಿಗೆ, ಊರೂರಿನಲ್ಲಿ ಕಿಟ್ ಹಿಡಿದು ನೀರು ಪರೀಕ್ಷಿಸುವ ಅಕ್ಕಂದಿರಿಗೆ,



ನಮ್ಮ ಭಾಗದ ಕಟ್ಟೆಗಳ ಮೇಲೆ ಎರಡು ಮಾತು ಆಗಾಗ ಕಿವಿಗೆ ಬೀಳುತ್ತವೆ. ಒಂದು: "ನಳದ ನೀರಿಗೆ ಫ್ಲೋರಿನ್ ಹಾಕ್ಯಾರ, ಮೂಗಿಗೆ ಹೊಡೀತೈತಿ. ಅದನ್ನ ಕುಡದ್ರ ಮೊಣಕಾಲ ಹಿಡೀತಾವ. ನಮ್ಮ ಬೋರಿನ ನೀರ ಚಲೋ ಐತಿ, ಸಿಹಿ ಐತಿ." ಇನ್ನೊಂದು: "ನಮ್ಮ ಬೋರಿನ್ಯಾಗ ಫ್ಲೋರಿನ್ ಐತಿ ಅಂದಿದ್ರು. ಟಾಕಿಗೆ ಪೌಡರ್ ಹಾಕಸೇವಿ, ಈಗ ಏನೂ ತ್ರಾಸಿಲ್ಲ."

ಈ ಎರಡೂ ಮಾತು ತಪ್ಪು. ತಪ್ಪು ಮಾತಿಗಷ್ಟೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮೊದಲನೆಯ ಮಾತು ನಂಬಿದ ಮನೆ ಹೊಳೆಯ ನೀರು ಬಿಟ್ಟು ಬೋರಿನ ಕೊಡಕ್ಕೆ ಹೋಗುತ್ತದೆ. ಎರಡನೆಯದನ್ನು ನಂಬಿದ ಊರು ಎಲುಬು ಹಾಳು ಮಾಡುವ ನೀರನ್ನು ಧೈರ್ಯವಾಗಿ ಕುಡಿಯುತ್ತದೆ. ಕ್ಲೋರಿನ್, ಫ್ಲೋರಿನ್ ಎರಡೂ ಬಾಯಲ್ಲಿ ಒಂದೇ ಪ್ರಾಸ, ಒಂದೇ ತೂಕ. ಒಂದು ಅಕ್ಷರದ ವ್ಯತ್ಯಾಸ ಯಾರಿಗೆ ನೆನಪಿರುತ್ತದೆ? ಆದರೆ ಊರು ನಿಮ್ಮ ಮಾತು ನಂಬುತ್ತದೆ. ಅಧಿಕಾರಿಗಳು ಯಾವಾಗಲೋ ಬಂದು ಹೋಗುತ್ತಾರೆ. ದಿನಾ ಬೆಳಿಗ್ಗೆ ವಾಲ್ ತಿರುವುವವರು, ಓಣಿಯವರ ಬೈಗುಳ ಕೇಳುವವರು ನೀವು. ಹಾಗಾಗಿ ಈ ಎರಡು ಹೆಸರುಗಳನ್ನು ನಿಮ್ಮ ಬಾಯಿ ಬೇರೆ ಬೇರೆಯಾಗಿ ಉಚ್ಚರಿಸಿದರೆ ಊರ ಬಾಯಿಯೂ ತಿದ್ದಿಕೊಳ್ಳುತ್ತದೆ ಎಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ಕ್ಲೋರಿನ್ ನಾವು ಹಾಕುವ ವಸ್ತು. ಬ್ಲೀಚಿಂಗ್ ಪೌಡರಿನಿಂದ ಬರುವುದು ಅದೇ. ವಾಂತಿಭೇದಿ, ಕಾಲರಾ, ಟೈಫಾಯ್ಡ್, ಕಾಮಾಲೆಯ ರೋಗಾಣುಗಳನ್ನು ಕೊಲ್ಲುವುದು ಅದರ ಕೆಲಸ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ತನ್ನ ಇಡೀ ಊರಿನ ನೀರಿಗೆ ದಿನವೂ ಕ್ಲೋರಿನ್ ಬೆರೆಸಲು ಶುರು ಮಾಡಿದ ಮೇಲೆ ಜಗತ್ತಿನ ಊರುಗಳು ಒಂದೊಂದಾಗಿ ಅದನ್ನು ಅನುಸರಿಸಿದವು. ಅದಕ್ಕೆ ವಾಸನೆ ಇದೆ. ತೆರೆದಿಟ್ಟರೆ, ಕುದಿಸಿದರೆ ಹಾರಿಹೋಗುತ್ತದೆ. ನಳದ ಕೊನೆಯ ಮನೆಯಲ್ಲೂ ಅದು ಸ್ವಲ್ಪ ಉಳಿದಿರಲೇಬೇಕು: ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ. ಆ ತೆಳು ವಾಸನೆ ಬಂದರೆ ನೀರಿನಲ್ಲಿ ಇನ್ನೂ ಕಾವಲು ಇದೆ ಎಂದರ್ಥ.

ಫ್ಲೋರೈಡನ್ನು ಯಾರೂ ಹಾಕಿಲ್ಲ. ಅದು ನಮ್ಮ ನೆಲದ ಕಲ್ಲಿನಲ್ಲೇ ಇದೆ. ನೈಸ್, ಗ್ರಾನೈಟ್‌ನಂಥ ಗಟ್ಟಿ ಬಂಡೆಗಳ ಖನಿಜಗಳಲ್ಲಿ ಅಡಗಿ ಕೂತ ಅದನ್ನು ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಾಗಿ ಸೋಡಾದ ಅಂಶ ಹೆಚ್ಚಾದಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ. ಸುಣ್ಣ ಕಡಿಮೆಯಿರುವ ನೀರು ಮೆದು. ಅದರಲ್ಲಿ ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ. ಅಂದರೆ ಹೆಂಗಸರು ಮೆಚ್ಚಿ ತುಂಬಿಸಿಕೊಳ್ಳುವ ಬೋರಿನಲ್ಲೇ ಅದು ಹೆಚ್ಚಿರುವ ಸಂಭವವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 1.5ರ ತನಕ. ಫ್ಲೋರೈಡ್ ಹೆಚ್ಚಿರುವ ತಾಲ್ಲೂಕುಗಳ ಮಾತು ಬಂದಾಗ ಮುಂಡರಗಿಯ ಹೆಸರು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಜನ "ಫ್ಲೋರಿನ್ ನೀರು" ಎನ್ನುತ್ತಾರಲ್ಲ, ನಿಜವಾದ ಫ್ಲೋರಿನ್ ಅನಿಲ ಯಾವ ನೀರಿನಲ್ಲೂ ಇರಲು ಸಾಧ್ಯವಿಲ್ಲ. ಮುಟ್ಟಿದ್ದನ್ನೆಲ್ಲ ಸುಡುವಂಥ ವಸ್ತು ಅದು. ಫ್ರಾನ್ಸಿನ ಆನ್ರಿ ಮ್ವಾಸಾನ್ 1886ರಲ್ಲಿ ಅದನ್ನು ಬೇರ್ಪಡಿಸುವ ಮೊದಲು ಎಷ್ಟೋ ವಿಜ್ಞಾನಿಗಳು ಆ ಪ್ರಯತ್ನದಲ್ಲಿ ಗಾಯಗೊಂಡರು, ಕೆಲವರು ಪ್ರಾಣವನ್ನೇ ಬಿಟ್ಟರು. ನೀರಲ್ಲಿರುವುದು ಅದರ ಲವಣರೂಪ, ಫ್ಲೋರೈಡ್. ಹಾಗಾಗಿ "ಫ್ಲೋರಿನ್" ಎಂಬ ಮಾತನ್ನೇ ನೀವು ಬಿಟ್ಟುಬಿಡಿ ಎಂದು ನನ್ನ ಕೋರಿಕೆ. ಟಾಕಿಗೆ ಹಾಕುವುದಕ್ಕೆ ಕ್ಲೋರಿನ್ ಎನ್ನಿ, ಬೋರಿನಿಂದ ಬರುವುದಕ್ಕೆ ಫ್ಲೋರೈಡ್ ಎನ್ನಿ. ಕೊನೆಯ ಉಚ್ಚಾರವೂ ಬೇರೆಯಾದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಉಳಿದರ್ಧ ಗೊಂದಲ ಪ್ರಯೋಗಾಲಯದ ವರದಿಯಲ್ಲಿದೆ. ಅದರಲ್ಲಿ ಮೂರನೆಯ ಹೆಸರೊಂದು ಬರುತ್ತದೆ, ಕ್ಲೋರೈಡ್. ಅಡುಗೆ ಉಪ್ಪಿನ ಅಂಶ ಅದು. ಸವಳು ನೀರಿಗೆ ಆ ರುಚಿ ಬರುವುದರಲ್ಲಿ ಅದರ ಪಾಲು ದೊಡ್ಡದು. ಅದರ ಮಿತಿ ಲೀಟರಿಗೆ 250 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1000ದ ತನಕ. ಕಾಗದದ ಮೇಲೆ ಕ್ಲೋರೈಡ್, ಫ್ಲೋರೈಡ್ ಎರಡೂ ಹತ್ತಿರ ಹತ್ತಿರದ ಸಾಲುಗಳಲ್ಲಿ ಬಂದವೆನ್ನೋಣ. ಮೊದಲನೆಯದರ ಮುಂದೆ 180, ಎರಡನೆಯದರ ಮುಂದೆ 2.6. ಲೆಕ್ಕ ಗೊತ್ತಿಲ್ಲದವರ ಕಣ್ಣು ಸಹಜವಾಗಿ 180ಕ್ಕೆ ಬೆದರಿ 2.6ನ್ನು ದಾಟಿಬಿಡುತ್ತದೆ. ನಿಜ ತಿರುವುಮುರುವು. 180 ಕ್ಲೋರೈಡ್ ಇರುವ ನೀರನ್ನು ಆ ಮಟ್ಟಿಗೆ ಚಿಂತೆಯಿಲ್ಲದೆ ಕುಡಿಯಬಹುದು. 2.6 ಫ್ಲೋರೈಡ್ ಇರುವ ನೀರನ್ನು ಮಗುವಿಗೆ ಕೊಡಬಾರದು. ವರದಿ ಬಂದ ದಿನ ಗ್ರಾಮ ಪಂಚಾಯ್ತಿಯಲ್ಲಿ ಅದನ್ನು ಓದುವಾಗ ನೀವು ಪಕ್ಕದಲ್ಲಿ ನಿಂತು ಆ ಸಾಲಿನ ಕೆಳಗೆ ಬೆರಳಿಡಿ. ಅದನ್ನು ಕಡತದಲ್ಲಿ ಮಡಚಿಡಲು ಬಿಡಬೇಡಿ. ನೀರು ಯಾರ ಹೊಟ್ಟೆಗೆ ಹೋಗುತ್ತದೋ ಅವರಿಗೆ ಆ ಸಂಖ್ಯೆ ತಿಳಿಯಬೇಕು.

ಈಗ ಕಾಯಿಲೆಯ ಮಾತು. ಫ್ಲೋರೈಡ್ ರಾಸಾಯನಿಕದ ಹೆಸರು, ಫ್ಲೋರೋಸಿಸ್ ಅದರಿಂದ ಬರುವ ರೋಗದ ಹೆಸರು. "ಅವರಿಗೆ ಫ್ಲೋರೈಡ್ ಆಗೇತಿ" ಎಂದು ಹೇಳುವಾಗ ಜನ ಇವೆರಡನ್ನೂ ಬೆರೆಸುತ್ತಾರೆ, ಅದರಿಂದ ಅದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಎಂಬ ಭಯವೂ ಹುಟ್ಟುತ್ತದೆ. ಹರಡುವುದಿಲ್ಲ. ಒಂದೇ ಮನೆಯ ನಾಲ್ವರಿಗೆ ಬಂದಿದ್ದರೆ ಕಾರಣ ಅವರೆಲ್ಲ ಕುಡಿದ ಒಂದೇ ಬೋರು.

ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ, ಶಾರ್ಟ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು. ದೇಹಕ್ಕೆ ಹೋದ ಫ್ಲೋರೈಡಿನಲ್ಲಿ ಒಂದಿಷ್ಟು ಮೂತ್ರದಲ್ಲಿ ಹೊರಟುಹೋಗುತ್ತದೆ, ಉಳಿದದ್ದು ಎಲುಬು, ಹಲ್ಲುಗಳಲ್ಲಿ ಸೇರಿಕೊಳ್ಳುತ್ತದೆ. ಬೆಳೆಯುವ ಮಕ್ಕಳ ಎಲುಬು ದೊಡ್ಡವರಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ ಹೊರಹೋಗುವುದೇ ಕಡಿಮೆ.

ಹಲ್ಲಿನ ಮೇಲಿನ ಕಲೆ ಮೊದಲ ಗುರುತು. ಬಿಳಿ ಸುಣ್ಣದ ಗೆರೆ, ಆಮೇಲೆ ಹಳದಿ, ಕಂದು. ಎಡಬಲದ ಹಲ್ಲುಗಳಲ್ಲಿ ಒಂದೇ ರೀತಿ, ಅಡ್ಡಡ್ಡ. ಒಸಡಿನಡಿ ಕಾಯಿ ಕಟ್ಟುವ ಎಳೆಯ ವಯಸ್ಸಿನಲ್ಲೇ, ಸುಮಾರು ಎಂಟು ವರ್ಷದೊಳಗೆ, ಆ ಕಲೆ ಹಲ್ಲಿಗೆ ಸೇರಿಬಿಡುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. "ಹಲ್ಲು ತಿಕ್ಕೂದಿಲ್ಲ, ಹೊಲಸು ಹುಡುಗ" ಎಂದು ಮಗುವನ್ನು ತರಗತಿಯಲ್ಲಿ ಎದ್ದು ನಿಲ್ಲಿಸುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಮಗುವಿನ ತಪ್ಪೇನೂ ಇಲ್ಲ. ಅದು ಕುಡಿದ ಬೋರಿನ ಚರಿತ್ರೆ ಅದರ ಹಲ್ಲಿನ ಮೇಲೆ ಬರೆದಿದೆ. ಅಕ್ಕಂದಿರೇ, ನೀವು ಶಾಲೆಗೆ ಹೋದಾಗ ಇದನ್ನು ಶಿಕ್ಷಕರಿಗೆ ದಯವಿಟ್ಟು ತಿಳಿಸಿ. ಹಾಗೆಯೇ ಎರಡನೇ ತರಗತಿಯ ಮಕ್ಕಳ ಹಲ್ಲು ನೋಡಿದರೆ ಆ ಊರಿನ ನೀರಿನ ಸುಳಿವು ಪ್ರಯೋಗಾಲಯಕ್ಕೆ ಹೋಗುವ ಮೊದಲೇ ಸಿಗುತ್ತದೆ.

ಎಲುಬಿನ ಫ್ಲೋರೋಸಿಸ್ ನಿಧಾನ. ಕುತ್ತಿಗೆ ಬಿಗಿಯುವುದು, ಸೊಂಟ ಬಾಗದಿರುವುದು, ಕುಕ್ಕರುಗಾಲಲ್ಲಿ ಕೂತರೆ ಏಳಲಾಗದಿರುವುದು. ಎಲುಬುಗಳನ್ನು ಕಟ್ಟಿಹಿಡಿದ ನಾರುಗಳಲ್ಲೂ ಸುಣ್ಣ ಸೇರಿಕೊಂಡು ಬೆನ್ನು ಬಿದಿರಿನ ಗಳದಂತೆ ಬಿರುಸಾಗುತ್ತದೆ. ವಯಸ್ಸಾಯ್ತು, ವಾಯು ಹಿಡಿಯಿತು, ಸಂಧಿವಾತ ಎಂದು ಜನ ನೋವಿನ ಗುಳಿಗೆ ನುಂಗುತ್ತಾರೆ. ಆ ಗುಳಿಗೆ ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ಮೂತ್ರಪಿಂಡ ಸೋತರೆ ಫ್ಲೋರೈಡ್ ಇನ್ನಷ್ಟು ಒಳಗೇ ಉಳಿಯುತ್ತದೆ. ಮೂರು ಸರಳ ಪರೀಕ್ಷೆಗಳನ್ನು ಆರೋಗ್ಯ ಕಾರ್ಯಕರ್ತರು ಮಾಡಿಸುತ್ತಾರೆ: ಮೊಣಕಾಲು ಮಡಚದೆ ನೆಲದ ಮೇಲಿನ ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈ ಅಗಲಿಸಿ ಮೊಣಕೈ ಮಡಚಿ ತಲೆಯ ಹಿಂಭಾಗ ಮುಟ್ಟುವುದು. ಇವು ಸುಳಿವು ಮಾತ್ರ. ಆಗದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ, ಯಾವ ಬೋರಿನ ನೀರು ಕುಡಿಯುತ್ತಾರೆ ಎಂದು ಚೀಟಿಯಲ್ಲಿ ಬರೆದು ಕೊಡಿ. ಆ ಒಂದು ಸಾಲು ವೈದ್ಯರಿಗೆ ಬಹಳ ಕೆಲಸಕ್ಕೆ ಬರುತ್ತದೆ. ಫ್ಲೋರೋಸಿಸ್ ತಡೆಯ ರಾಷ್ಟ್ರೀಯ ಕಾರ್ಯಕ್ರಮ 2008-09ರಿಂದಲೇ ಇದೆ, ಆದರೆ ರೋಗಿಯನ್ನೂ ಬೋರನ್ನೂ ಜೋಡಿಸಿ ನೋಡಬಲ್ಲವರು ಊರಿನಲ್ಲೇ ಇರುವವರು.

ಒಂದು ಲೆಕ್ಕ ಹೇಳುತ್ತೇನೆ. ಚೈತ್ರ ವೈಶಾಖದ ಬಿಸಿಲಲ್ಲಿ ಹೊಲದಲ್ಲಿ ದುಡಿಯುವವರು ದಿನಕ್ಕೆ ಐದು ಲೀಟರ್ ನೀರು ಕುಡಿಯುವುದು ದೊಡ್ಡ ಮಾತೇನಲ್ಲ. ಬೋರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದ್ದರೆ ದೇಹಕ್ಕೆ ಹೋದದ್ದು 15. ಅದೇ ನೀರಲ್ಲಿ ಕಾಸಿದ ಚಹಾ, ಬೇಯಿಸಿದ ಅನ್ನ ಸಾರು ಬೇರೆ. ಚಹಾದ ಎಲೆಯಲ್ಲೂ ಫ್ಲೋರೈಡ್ ಇದೆ. ದಿನಕ್ಕೆ ಒಟ್ಟು 14 ಮಿಲಿಗ್ರಾಂ ದೇಹ ಸೇರಿದರೆ ಎಲುಬಿಗೆ ಹಾನಿ ಸ್ಪಷ್ಟ, 6ರಿಂದಲೇ ಅದರ ಸೂಚನೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2002ರ ವರದಿ ಹೇಳುತ್ತದೆ. ತಂಪು ದೇಶದವರಿಗೆ ಹೊಂದುವ ಮಿತಿ ನಮ್ಮ ರೈತನಿಗೆ ಹೊಂದುವುದಿಲ್ಲ. ನಾವು ಒಂದರೊಳಗೇ ಇರಬೇಕು.

ನೀರು ಕುದಿಸಿದರೆ ಸಾಕೇ ಎಂದು ತಾಯಂದಿರು ಕೇಳುತ್ತಾರೆ. ರೋಗಾಣುಗಳಿಗೆ ಸಾಕು. ಫ್ಲೋರೈಡಿಗೆ ಕುದಿಸುವುದೇ ಅಪಾಯ, ಯಾಕೆಂದರೆ ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ನಾರುಹುಣ್ಣಿನ ಕಾಲದಲ್ಲಿ ಸೋಸುಬಟ್ಟೆ ನಮ್ಮನ್ನು ಕಾಪಾಡಿತು. ದೇಶ ಆ ರೋಗದಿಂದ ಮುಕ್ತ ಎಂದು 2000ರಲ್ಲಿ ಪ್ರಮಾಣಪತ್ರ ಸಿಕ್ಕಿತು. ತೆರೆದ ಬಾವಿಗಳನ್ನು ಬಿಟ್ಟು ಬೋರು ಕೊರೆಸಿದ್ದೂ ಅಂಥ ರೋಗಗಳಿಂದ ತಪ್ಪಿಸಿಕೊಳ್ಳಲೆಂದೇ. ರೋಗಾಣುವಿನಿಂದ ಪಾರಾಗಲು ಆಳಕ್ಕೆ ಇಳಿದವರು ಕಲ್ಲಿನ ವಿಷಕ್ಕೆ ಸಿಕ್ಕಿದೆವು. ಒಂದು ಆಪತ್ತಿಗೆ ಕಂಡುಕೊಂಡ ಉಪಾಯವನ್ನು ಇನ್ನೊಂದಕ್ಕೆ ಹಚ್ಚಲಾಗದು, ಅಷ್ಟೇ.

ಬ್ಲೀಚಿಂಗ್ ಪೌಡರ್ ಫ್ಲೋರೈಡನ್ನು ತೆಗೆಯುತ್ತದೆ ಎಂಬ ನಂಬಿಕೆ ಹುಟ್ಟಲು ನಲ್ಗೊಂಡ ವಿಧಾನವೂ ಒಂದು ಕಾರಣವಿರಬಹುದು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ಆ ಪದ್ಧತಿಯಲ್ಲಿ ನೀರಿಗೆ ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಮೂರನ್ನೂ ಹಾಕುತ್ತಾರೆ. ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುವುದು ಪಟಿಕ. ಪೌಡರಿನ ಕೆಲಸ ಅಲ್ಲಿಯೂ ರೋಗಾಣು ಕೊಲ್ಲುವುದೇ. ಮೂರನ್ನೂ ಒಟ್ಟಿಗೆ ಹಾಕುವುದನ್ನು ನೋಡಿದವರಿಗೆ ವಾಸನೆ ಬರುವ ಪುಡಿಯೇ ನೆನಪಿನಲ್ಲಿ ಉಳಿದರೆ ಆಶ್ಚರ್ಯವಿಲ್ಲ.

ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಈಗ ಹಳ್ಳಿಗಳಿಗೆ ಬಂದಿವೆ. ಆರ್‌ಒ ಪೊರೆ ಫ್ಲೋರೈಡಿನ ಬಹುಭಾಗವನ್ನು ತಡೆಯುತ್ತದೆ. ಆ ಪೊರೆಗೆ ಕ್ಲೋರಿನ್ ಶತ್ರು ಎಂಬುದು ಎಷ್ಟು ಜನರಿಗೆ ಗೊತ್ತು? ಅದಕ್ಕೆಂದೇ ಒಳಗೆ ಹೋಗುವ ನೀರನ್ನು ಮೊದಲು ಇದ್ದಿಲ ಪದರದಿಂದ ಹಾಯಿಸಿ ಕ್ಲೋರಿನ್ ತೆಗೆಯುತ್ತಾರೆ. ಇದ್ದಿಲು ಸವೆದ ಮೇಲೂ ಬದಲಿಸದೆ, ಘಟಕಕ್ಕೆ ಹೋಗುವ ಟಾಕಿಗೆ ಯಾರೋ ಒಳ್ಳೆಯ ಮನಸ್ಸಿನಿಂದ ಪೌಡರ್ ಸುರಿದರೆ ಪೊರೆ ಹಾಳಾಗುತ್ತದೆ. ನೀರು ಬರುತ್ತಲೇ ಇರುತ್ತದೆ, ನಾಣ್ಯ ಬೀಳುತ್ತಲೇ ಇರುತ್ತದೆ, ಫ್ಲೋರೈಡ್ ನುಸುಳುತ್ತಲೇ ಇರುತ್ತದೆ. ಘಟಕದಿಂದ ಬಂದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ತೊಳೆಯದ ಕ್ಯಾನಿನಲ್ಲಿ ನಾಲ್ಕು ದಿನ ಇಟ್ಟರೆ ಅದರಲ್ಲಿ ಮತ್ತೆ ರೋಗಾಣು ಬೆಳೆಯುತ್ತವೆ. ಘಟಕ ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಒಟ್ಟುಗೂಡಿ ಇನ್ನೂ ಹೆಚ್ಚಿರುತ್ತದೆ. ಅದನ್ನು ದನಗಳ ಗೋದಲಿಗೆ ಬಿಡಬೇಡಿ, ದನಕ್ಕೂ ಎಲುಬಿದೆ.

ಹೊಳೆಯ ನೀರೇ ನಮಗಿರುವ ದೊಡ್ಡ ಆಸರೆ. ಹಮ್ಮಿಗಿ ಬ್ಯಾರೇಜಿನ ಕಡೆಯಿಂದ ಬರುವ ತುಂಗಭದ್ರೆಯ ನೀರಿನಲ್ಲಿ ಫ್ಲೋರೈಡಿನ ಭಯ ಬೋರಿನಷ್ಟಿಲ್ಲ. ರೋಗಾಣುವಿನ ಭಯ ಮಾತ್ರ ಇದ್ದೇ ಇದೆ, ಆದ್ದರಿಂದ ಅದಕ್ಕೆ ಕ್ಲೋರಿನ್ ಬೇಕೇ ಬೇಕು. ಬೆಟಗೇರಿಯಲ್ಲಿ ನಳದ ನೀರಿಗಾಗಿ ದಿನಗಟ್ಟಲೆ ಕಾಯುವುದು ನಮಗೆ ಹೊಸದಲ್ಲ. ಕಾಯುವಾಗ ಬೋರಿನ ನೀರಿಗೆ ಕೈ ಹಾಕುತ್ತೇವೆ. ಬಟ್ಟೆ, ಪಾತ್ರೆ, ಸ್ನಾನಕ್ಕೆ ಅದು ಆಗಲಿ. ಫ್ಲೋರೈಡ್ ಚರ್ಮದ ಮೂಲಕ ಕಾಡುವಂಥದ್ದಲ್ಲ. ಕುಡಿಯಲು, ಅಡುಗೆಗೆ ಮಾತ್ರ ಹೊಳೆಯ ನೀರನ್ನು ಎತ್ತಿಡಬೇಕು. ಹಳ್ಳಿಯಲ್ಲಿ ಎರಡೂ ನೀರನ್ನು ಒಂದೇ ಟಾಕಿಗೆ ಬಿಡುವ ಕಡೆ, ಹೊಳೆ ನೀರು ಯಾವ ದಿನ, ಬೋರಿನ ನೀರು ಯಾವ ದಿನ ಎಂದು ಓಣಿಗೆ ಮೊದಲೇ ಹೇಳುವ ಪದ್ಧತಿ ಇಟ್ಟುಕೊಳ್ಳಿ. ವಾಲ್ ನಿಮ್ಮ ಕೈಯಲ್ಲಿದೆ, ಇದಕ್ಕೆ ಯಾರ ಆದೇಶವೂ ಬೇಕಿಲ್ಲ.

ಪೌಡರಿನ ಅಳತೆಯೂ ಗೊತ್ತಿರಲಿ. ಶೇಕಡಾ 33ರಷ್ಟು ಕ್ಲೋರಿನ್ ಇರುವ ಒಳ್ಳೆಯ ಪೌಡರಾದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ, ಐವತ್ತು ಸಾವಿರ ಲೀಟರಿನ ಮೇಲ್ಮಟ್ಟದ ಟಾಕಿಗೆ 125 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿಯಿರಿ, ಒಂದು ತಾಸು ಬಿಟ್ಟು ನೀರು ಬಿಡಿ. ನೀರು ಕೊಳಕಾಗಿದ್ದರೆ ಅಷ್ಟು ಸಾಲದು, ಕೊನೆಯ ನಳದಲ್ಲಿ ಪರೀಕ್ಷಿಸಿ ಹೆಚ್ಚಿಸಬೇಕು. ಬಾಯಿ ತೆರೆದಿಟ್ಟ ಚೀಲದ ಪೌಡರಿನಲ್ಲಿ ಶಕ್ತಿ ಇಳಿದುಹೋಗಿರುತ್ತದೆ. ಮೂಗಿಗೆ ಹೊಡೆಯುವಷ್ಟು ಒಮ್ಮೆಲೇ ಸುರಿದು ಮೂರು ದಿನ ಬಿಟ್ಟುಬಿಡುವುದಕ್ಕಿಂತ ದಿನಾ ಹದವಾಗಿ ಹಾಕಿದರೆ ಜನ ನಳದ ನೀರು ಬಿಟ್ಟು ಓಡುವುದಿಲ್ಲ. ಸಿಟ್ಟಿನಿಂದ "ಫ್ಲೋರಿನ್ ಹಾಕ್ಯಾರ" ಎಂದು ಬೈಯುವುದೂ ಕಡಿಮೆಯಾಗುತ್ತದೆ.

ಅಕ್ಕಂದಿರೇ, ಇದು ವಿಶೇಷವಾಗಿ ನಿಮಗೆ. ಮನೆ ಮನೆಗೆ ಗಂಗೆ ಯೋಜನೆಯಡಿ ನಿಮ್ಮ ಕೈಗೆ ಬಂದ ಪೆಟ್ಟಿಗೆಯಲ್ಲಿ ಎರಡೂ ಪರೀಕ್ಷೆ ಇವೆ. ಹಳೆಯ ಮಾದರಿಯ ಕ್ಲೋರಿನ್ ಪರೀಕ್ಷೆಯಲ್ಲಿ ನೀರು ಹಳದಿಯಾದರೆ ಕ್ಲೋರಿನ್ ಇದೆ, ಸಮಾಧಾನ. ಫ್ಲೋರೈಡ್ ಪರೀಕ್ಷೆಗಳಲ್ಲಿ ಬಹಳಷ್ಟು ಗುಲಾಬಿಯಿಂದ ಹಳದಿಗೆ ತಿರುಗುತ್ತವೆ, ಅಲ್ಲಿ ಹಳದಿ ಎಂದರೆ ಫ್ಲೋರೈಡ್ ಹೆಚ್ಚಿದೆ, ಆಪತ್ತು. ಹೆಸರೂ ಹೋಲುತ್ತದೆ, ಬಣ್ಣವೂ ಹೋಲುತ್ತದೆ, ಅರ್ಥ ಮಾತ್ರ ಎದುರುಬದುರು. ಪೆಟ್ಟಿಗೆಯ ಜೊತೆ ಬಂದ ಬಣ್ಣದ ಪಟ್ಟಿಯನ್ನು ಪ್ರತಿ ಸಲ ಎದುರಿಗಿಟ್ಟುಕೊಂಡೇ ನೋಡಿ, ನೆನಪಿನ ಮೇಲೆ ಹೋಗಬೇಡಿ. ಇನ್ನೊಂದು ತೊಡಕು: ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಫ್ಲೋರೈಡ್ ಪರೀಕ್ಷೆಯ ಬಣ್ಣವನ್ನು ತಾನೇ ಮಾಸಿಸಿ, ಇಲ್ಲದ ಫ್ಲೋರೈಡನ್ನು ತೋರಿಸಬಹುದು. ಆದ್ದರಿಂದ ಫ್ಲೋರೈಡಿಗೆ ನೀರು ಹಿಡಿಯಬೇಕಾದದ್ದು ಬೋರಿನ ಬಾಯಲ್ಲಿ, ಪೌಡರ್ ಬೀಳುವ ಮೊದಲು. ಕ್ಲೋರಿನ್ನಿಗೆ ಹಿಡಿಯಬೇಕಾದದ್ದು ಊರಿನ ಕಟ್ಟಕಡೆಯ ನಳದಲ್ಲಿ, ಅದನ್ನು ಅಲ್ಲೇ ನಿಂತು ಕೂಡಲೇ ನೋಡಬೇಕು. ಮನೆಗೆ ಒಯ್ದು ನೋಡುವಷ್ಟರಲ್ಲಿ ಅದು ಕಡಿಮೆಯಾಗಿರುತ್ತದೆ.

ಫ್ಲೋರೋಸಿಸ್ ಗಟ್ಟಿಯಾದ ಎಲುಬನ್ನು ಹಿಂದಿರುಗಿಸುವ ಔಷಧವಿಲ್ಲ. ಶುದ್ಧ ನೀರು ಬಂದ ಮೇಲೆ ಶುರುವಿನ ನೋವು, ಹೊಟ್ಟೆಯ ತೊಂದರೆ ತಗ್ಗುವುದುಂಟು. ಹಾಲು ಮಜ್ಜಿಗೆ, ನುಗ್ಗೆಸೊಪ್ಪು, ಎಳ್ಳು, ನೆಲ್ಲಿಕಾಯಿ, ಲಿಂಬೆ ತಿನ್ನುವ ದೇಹ ಹೆಚ್ಚು ತಾಳುತ್ತದೆ. ಬಸುರಿ ಬಾಣಂತಿಯರಿಗೆ, ಅಂಗನವಾಡಿ ಮಕ್ಕಳಿಗೆ ಶುದ್ಧ ನೀರಿನ ಮೊದಲ ಕೊಡ ಸಿಗಲಿ. ಹಲ್ಲಿನಲ್ಲಿ ಕಲೆಯಿರುವ ಊರಿನಲ್ಲಿ ಫ್ಲೋರೈಡ್ ಇರುವ ಟೂತ್‌ಪೇಸ್ಟನ್ನು ಚಿಕ್ಕ ಮಕ್ಕಳು ನುಂಗದಂತೆ ನೋಡಿಕೊಳ್ಳಬೇಕು. ಎಷ್ಟಿದೆ ಎಂದು ಟ್ಯೂಬಿನ ಮೇಲೆ ಬರೆದಿರಬೇಕು, 1000 ಪಿಪಿಎಂ ಮೀರುವಂತಿಲ್ಲ ಎಂದು ಕಾನೂನೇ ಇದೆ.

ನಿಮ್ಮಲ್ಲಿ ಒಂದು ಕೊನೆಯ ಬೇಡಿಕೆ. ಮುಂಗಾರಿಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಕುಡಿಯುವ ಪ್ರತಿ ಬೋರಿನ ನೀರನ್ನು ಗದಗಿನ ಪ್ರಯೋಗಾಲಯಕ್ಕೆ ಕಳಿಸಿ. ಫ್ಲೋರೈಡಿಗೆ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು ತುಂಬಿಸಿ, ಗಾಜಿನದು ಬೇಡ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿಯನ್ನು ತೊಳೆಯದೆ, ಒಳಗೆ ಬೆರಳು ತಾಗಿಸದೆ ತುಂಬಿಸಿ, ಅವತ್ತೇ ತಲುಪಿಸಿ. ಎರಡರ ಮೇಲೂ ಬೋರಿನ ಗುರುತು, ತಾರೀಖು ಬರೆಯಿರಿ. ಬಂದ ಅಂಕಿಯನ್ನು ಬೋರಿನ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ: ಫ್ಲೋರೈಡ್ ಎಷ್ಟು, ಯಾವ ತಿಂಗಳು, ಕುಡಿಯಲೋ ಬಳಸಲೋ. ಕ್ಲೋರಿನ್ನಿನ ಅಂಕಿಯನ್ನು ಆ ಗೋಡೆಯ ಮೇಲೆ ಬರೆಯಬೇಡಿ. ಅದರ ಜಾಗ ಟಾಕಿಯ ಕಂಬದ ಮೇಲೆ, ದಿನಾ ಅಳಿಸಿ ಬರೆಯುವ ಕಪ್ಪು ಹಲಗೆಯಲ್ಲಿ.

ನಿಮ್ಮ ದುಡಿಮೆಯನ್ನು ಗೌರವಿಸುವ,
ಬೆಟಗೇರಿಯ ಒಬ್ಬ ನಿವಾಸಿ